ನಮಗಿಂತ ಮೊದಲು ಹೊರಟ ಚೀಲ

ನಮ್ಮನೆಯವರು ಬಸ್ಸು ಹತ್ತಿದರು. ಇದಕ್ಕಿಂತ ದೊಡ್ಡ ಸುದ್ದಿ ನನ್ನ ಹತ್ತಿರ ಇಲ್ಲ, ಅದಕ್ಕೇ ಮೊದಲು ಹೇಳಿಬಿಡುತ್ತಿದ್ದೇನೆ. ಗೌರಿ ಹಬ್ಬದ ದಿನ ಬೆಳಿಗ್ಗೆ ಏಳೂಕಾಲಿಗೆ, ಬನಶಂಕರಿ ಬಸ್ ನಿಲ್ದಾಣದಲ್ಲಿ, ಕನಕಪುರದ ಬಸ್ಸಿನ ಕಂಬಿ ಹಿಡಿದು, ಬಲಗಾಲಿಟ್ಟು ಹತ್ತಿದರು. ನಾನು ಬೆನ್ನ ಹಿಂದೆಯೇ ನಿಂತಿದ್ದೆ, ಬೇಕಾದರೆ ತಳ್ಳೋಣ ಅಂತ. ತಳ್ಳುವ ಪ್ರಸಂಗ ಬರಲಿಲ್ಲ. ಹತ್ತಿದವರು ತಿರುಗಿ ನನಗೇ ಕೈ ಕೊಟ್ಟರು. ನಲವತ್ತೇಳು ವರ್ಷದ ಸಂಸಾರದಲ್ಲಿ ಅವರು ನನಗೆ ಕೈಕೊಟ್ಟು ಹತ್ತಿಸಿಕೊಂಡಿದ್ದು ಇದೇ ಮೊದಲು ಅಂತ ಕಾಣುತ್ತದೆ, ಮದುವೆ ಮಂಟಪ ಬಿಟ್ಟರೆ. ಎಪ್ಪತ್ತೊಂದು ವರ್ಷದ ಗಂಡಸು ಬಸ್ಸು ಹತ್ತಿದ್ದನ್ನು ಇವಳು ಊರಿಗೆಲ್ಲ ಸಾರುತ್ತಾಳಲ್ಲ ಅಂತ ನಿಮಗೆ ಅನ್ನಿಸಬಹುದು. ಮಗು ಮೊದಲನೇ ಹೆಜ್ಜೆ ಇಟ್ಟರೆ ಬೀದಿಯವರಿಗೆಲ್ಲ ಕರೆದು ತೋರಿಸುತ್ತೇವೆ. ವಯಸ್ಸಾದವರು ನಿಲ್ಲಿಸಿಬಿಟ್ಟ ಹೆಜ್ಜೆಯನ್ನು ಮತ್ತೆ ಇಟ್ಟರೆ ಯಾಕೆ ಹೇಳಿಕೊಳ್ಳಬಾರದು? ಹತ್ತಿರ ಹತ್ತಿರ ಎರಡು ವರ್ಷದಿಂದ ಅವರು ನಮ್ಮನೆ ಗೇಟು ದಾಟಿರಲಿಲ್ಲ.

ಗೇಟಿನ ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಕಾಫಿ ಕುಡಿದು ಕೂತರೆ ಊಟಕ್ಕೆ ಏಳುವುದು, ಊಟ ಮಾಡಿ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ತಲೆಕೂದಲು ಕತ್ತರಿಸುವವನನ್ನೂ ಅಲ್ಲಿಗೇ ಕರೆಸುತ್ತಿದ್ದೆವು, ಡಾಕ್ಟರನ್ನೂ ಅಲ್ಲಿಗೇ. ಬೀದಿಯಲ್ಲಿ ಹೋಗುವ ಹೊಸಬರು ಅವರನ್ನು ವಾಚ್‌ಮನ್ ಅಂದುಕೊಂಡು ಬಾಡಿಗೆ ಮನೆ ಖಾಲಿ ಇದೆಯಾ ಅಂತ ಕೇಳುತ್ತಿದ್ದರು. ಇವರೂ ಮಾಲೀಕ ನಾನೇ ಅಂತ ಹೇಳುತ್ತಿರಲಿಲ್ಲ, ಒಳಗೆ ಕೇಳಿ ಅನ್ನುತ್ತಿದ್ದರು. ಖಾಲಿ ಇಲ್ಲ ಅಂತ ನಾನೇ ಹೊರಗೆ ಬಂದು ಹೇಳಿ ಕಳಿಸುತ್ತಿದ್ದೆ.

ನಾವು ಜಯನಗರದ ಕೊನೆಯಲ್ಲಿ, ತಿಲಕ್ ನಗರಕ್ಕೆ ಅಂಟಿಕೊಂಡ ಹಾಗಿರುವವರು. ಇಲ್ಲಿಗೆ ಬಂದವರಲ್ಲ, ಇಲ್ಲೇ ಇದ್ದವರು. ನಾನು ಮದುವೆಯಾಗಿ ಬಂದಾಗ ಈಗ ನಮ್ಮ ಎದುರಿಗೆ ಹಲ್ಲಿನ ಆಸ್ಪತ್ರೆ ಇರುವ ಜಾಗದಲ್ಲಿ ಕನಕಾಂಬರ ಬಿಡಿಸುತ್ತಿದ್ದೆ. ಹಬ್ಬ ಬಂದರೆ ನಮ್ಮ ಬೀದಿಯೆಲ್ಲ ಖಾಲಿ, ಎಲ್ಲರೂ ಊರಿಗೆ ಹೋಗುತ್ತಾರೆ. ನಾವು ಎಲ್ಲಿಗೆ ಹೋಗಬೇಕು? ನಮ್ಮ ಊರಿನ ಮೇಲೆಯೇ ನಾವು ಕೂತಿದ್ದೇವೆ. ಮೊಮ್ಮಗಳು ಚಿನ್ನಿ ಸ್ಕೂಲಿನಿಂದ ಬಂದು, 'ಅಜ್ಜಿ, ಎಲ್ರಿಗೂ ಊರಿದೆ, ನಮಗ್ಯಾಕಿಲ್ಲ?' ಅಂತ ಕೇಳಿದಳು. ಅವಳಿಗೆ ಇದನ್ನು ಹೇಗೆ ತಿಳಿಸಿ ಹೇಳಬೇಕೋ ನನಗೆ ಗೊತ್ತಾಗಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಚಿನ್ನಿ ಈಗ ಓದುತ್ತಿರುವುದು ಐದನೇ ಕ್ಲಾಸು.

ನಮಗೂ ಹೋಗುವುದಕ್ಕೆ ಅಂತ ಇದ್ದದ್ದು ಒಂದೇ ಊರು, ನನ್ನ ನಾದಿನಿ ಪುಟ್ಟತಾಯಿಯ ಊರು. ಕನಕಪುರದಿಂದ ಒಳಗೆ ಹೋಗಬೇಕು. ಇವರಿಗೆ ಒಬ್ಬಳೇ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂದರೆ ಇವರೇ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋಗುವುದನ್ನು ಇವರು ಒಂದು ಸಲವೂ ತಪ್ಪಿಸಿರಲಿಲ್ಲ. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಸ್ಕೂಟರಿನಲ್ಲಿ, ಆಮೇಲೆ ಕಾರಿನಲ್ಲಿ. ನಮ್ಮ ಬೀದಿಗೆ ಮೊದಲು ಬಂದ ಕಾರು ಇವರದು. ಬೀದಿಯ ಎಷ್ಟು ಹೆಂಗಸರ ಹೆರಿಗೆ ನೋವಿಗೆ ಆ ಕಾರು ಓಡಿದೆಯೋ, ಎಷ್ಟು ಮದುಮಕ್ಕಳು ಅದರಲ್ಲಿ ಕೂತಿದ್ದಾರೋ. ನನಗೆ ಮಾತ್ರ ಆ ಕಾರಿನಲ್ಲಿ ಬಾಳೆಹಣ್ಣು ತಿನ್ನುವುದಕ್ಕೂ ಬಿಡುತ್ತಿರಲಿಲ್ಲ. ಸೀಟು ಗಲೀಜಾಗುತ್ತೆ, ಇಳಿದು ತಿನ್ನು ಅನ್ನುತ್ತಿದ್ದರು. ನಾನು ಎಷ್ಟೋ ಹೆದ್ದಾರಿಗಳ ಪಕ್ಕದಲ್ಲಿ ನಿಂತು ಬಾಳೆಹಣ್ಣು ತಿಂದಿದ್ದೇನೆ.

ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ತಂಗಿಗೆ ಸೀರೆ, ಬಳೆ ತರುವುದಕ್ಕೆ ಇವರೊಬ್ಬರೇ ಕಾರು ತೆಗೆದುಕೊಂಡು ಹೋದರು. ನಾನು ಬರ್ತೀನಿ ಅಂದೆ. ನೀನು ಬಂದರೆ ಮೂರು ಅಂಗಡಿ ಜಾಸ್ತಿ ಸುತ್ತಬೇಕು ಅಂದರು. ವಾಪಸ್ಸು ಬರುವಾಗ ತಿಲಕ್ ನಗರದ ತಿರುವಿನಲ್ಲಿ ಸೀಬೆಹಣ್ಣಿನ ತಳ್ಳುಗಾಡಿಯವನಿಗೆ ಕಾರು ತಗುಲಿತು. ಕಣ್ಣಿಗೆ ಬಿಸಿಲು ಹೊಡೀತು ಅಂದರು. ಅದು ಬಿಟ್ಟು ಬೇರೆ ಏನನ್ನೂ ಇವತ್ತಿನವರೆಗೆ ಹೇಳಿಲ್ಲ. ಗಾಡಿಯವನ ಕಾಲು ಮುರಿಯಿತು. ಅವನು ಆಸ್ಪತ್ರೆಯಲ್ಲಿ ಇರುವಷ್ಟು ದಿನ ಇವರು ದಿನವೂ ಹೋಗಿ ಅವನ ಮಂಚದ ಪಕ್ಕ ಕೂತು ಬರುತ್ತಿದ್ದರು, ಮಾತಿಲ್ಲ ಕತೆಯಿಲ್ಲ. ಕಾಲು ಕೂಡಿತು, ಸ್ವಲ್ಪ ಎಳೆಯುವುದು ಉಳಿಯಿತು. ಒಂದು ದಿನ ಅವನೇ ಕುಂಟಿಕೊಂಡು ನಮ್ಮ ಮನೆಗೆ ಬಂದು, ಒಂದು ಕವರು ಸೀಬೆಹಣ್ಣು ಇಟ್ಟು, 'ಬಿಡಿ ಯಜಮಾನ್ರೇ, ನನ್ ಟೈಮು ಸರಿ ಇರ್ಲಿಲ್ಲ' ಅಂದು ಹೋದ. ಅವನು ಬೈದಿದ್ದರೆ ಇವರು ಸುಧಾರಿಸಿಕೊಳ್ಳುತ್ತಿದ್ದರೋ ಏನೋ. ಅವತ್ತು ಕಾರಿನ ಕೀಲಿಯನ್ನು ಮಗ ಮಂಜುನಾಥನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತವರು ಆಮೇಲೆ ಗೇಟು ದಾಟಲಿಲ್ಲ. ಕಾರು ಮಾರಿದೆವು. ಆ ವರ್ಷ ಬಾಗಿನ ಹೋಗಲಿಲ್ಲ. ಮಂಜುನಾಥ ಅತ್ತೆಗೆ ಫೋನಿನಲ್ಲೇ ದುಡ್ಡು ಕಳಿಸಿ ಫೋನಿನಲ್ಲೇ ನಮಸ್ಕಾರ ಹೇಳಿದ.

ಮುಂದಿನ ಬೇಸಿಗೆಯಲ್ಲಿ ಪುಟ್ಟತಾಯಿಯ ಗಂಡ ಹೊಲದಿಂದ ಬಂದವನು ನೀರು ಕೇಳಿ, ನೀರು ತರುವಷ್ಟರಲ್ಲಿ ಹೋಗಿಬಿಟ್ಟ. ಮಂಜುನಾಥ ಬಾಡಿಗೆ ಕಾರು ತರಿಸಿ ಬಾಗಿಲು ತೆಗೆದು ಹಿಡಿದುಕೊಂಡ. ಇವರು ಎದ್ದು ಗೇಟಿನವರೆಗೆ ಬಂದರು, ಕಾರಿನ ಬಾಗಿಲ ಮೇಲೆ ಕೈಯಿಟ್ಟರು, ಹಾಗೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೈ ತೆಗೆದು ವಾಪಸ್ಸು ಹೋಗಿ ಕೂತುಬಿಟ್ಟರು. ಭಾವನ ಮಣ್ಣಿಗೆ ಹೋಗದ ಅಣ್ಣನನ್ನು ಅವತ್ತು ಅಲ್ಲಿ ಯಾರ್ಯಾರು ಏನೇನು ಅಂದರೋ, ಎಲ್ಲ ನಾನೇ ಕೇಳಿಸಿಕೊಂಡು ಬಂದೆ. ಪುಟ್ಟತಾಯಿ ಮಾತ್ರ ಒಂದು ಮಾತೂ ಅನ್ನಲಿಲ್ಲ. ವರ್ಷದ ತಿಥಿಗೂ ಇವರು ಹೋಗಲಿಲ್ಲ, ಅದಕ್ಕೂ ಅನ್ನಲಿಲ್ಲ. ಭಾನುವಾರ ಭಾನುವಾರ ಫೋನು ಮಾಡಿ, ಅಣ್ಣಯ್ಯ ಉಂಡನಾ ಅಂತ ನನ್ನನ್ನು ಕೇಳುತ್ತಿದ್ದಳು. ಫೋನನ್ನು ಇವರ ಕಿವಿಗೆ ಹಿಡಿದರೆ 'ಹೂಂ' ಅನ್ನುವರು, ಆ ಕಡೆ ಅವಳೂ 'ಹೂಂ' ಅನ್ನುವಳು. ಫೋನು ಕಂಡುಹಿಡಿದವರು ಇದನ್ನು ಕೇಳಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು.

ಹೀಗಿರುವಾಗ ಈ ವರ್ಷ ಹಬ್ಬ ಗುರುವಾರ, ಶುಕ್ರವಾರ ಬಿದ್ದು, ನಾಲ್ಕು ದಿನ ರಜ ಕೂಡಿಬಂತು. ಚಿನ್ನಿ ಊರು ಬೇಕು ಅಂತ ಹಟ ಹಿಡಿದಿದ್ದಳಲ್ಲ, ಮಂಜುನಾಥ ಫೋನಿನಲ್ಲಿ ಒಂದು ಊರು ಹುಡುಕಿದ. ಕನಕಪುರ ರಸ್ತೆಯಲ್ಲಿ ಯಾರೋ ರೆಸಾರ್ಟಿನವರು ಹಳ್ಳಿ ಮಾಡಿಟ್ಟಿದ್ದಾರಂತೆ. ರಾಗಿ ಬೀಸುವ ಅನುಭವ, ಹಾಲು ಕರೆಯುವ ಅನುಭವ, ಕೆಸರಿನಲ್ಲಿ ನಡೆಯುವ ಅನುಭವ, ರಾತ್ರಿ ಹಗ್ಗದ ಮಂಚ. ನನಗೆ ಈ ಅನುಭವವೆಲ್ಲ ಹದಿನೆಂಟು ವರ್ಷಕ್ಕೇ ಸೊಂಟನೋವಿನ ಸಮೇತ ಪುಕ್ಕಟೆ ಸಿಕ್ಕಿತ್ತು. 'ಅದೇ ರಸ್ತೇಲಿ ಇನ್ನೂ ಸ್ವಲ್ಪ ಮುಂದೆ ಹೋದ್ರೆ ನಿಮ್ಮತ್ತೆ ಊರು ಸಿಗುತ್ತಲ್ಲೋ' ಅಂದೆ. ಮಂಜುನಾಥ ಫೋನು ಕೆಳಗಿಟ್ಟ. ಆಮೇಲೆ ದನಿ ಇಳಿಸಿ, 'ಅಪ್ಪನ್ನ ಬಿಟ್ಟು ಹೋಗೋದಾ ಅಮ್ಮ?' ಅಂದ. ಬಿಟ್ಟು ಹೋಗುವುದಿಲ್ಲ, ಕರೆದುಕೊಂಡು ಹೋಗುವುದು ಅಂದೆ. ಹೇಗೆ ಅಂತ ಅವನು ಕೇಳಲಿಲ್ಲ, ಪುಣ್ಯಕ್ಕೆ.

ಕಾರಿಲ್ಲದೆ ಐದು ಜನ ಹಳ್ಳಿಗೆ ಹೋಗುವ ಯೋಜನೆ ಹಾಕುವುದು ಅಂದರೆ ಒಂದು ಮದುವೆ ಮಾಡಿದ ಹಾಗೆ. ಊಟದ ಮೇಜಿನ ಮೇಲೆ ನಾಲ್ಕು ರಾತ್ರಿ ಅದೇ ಮಾತು. ಬಾಡಿಗೆ ಕಾರು ಅಂದರೆ ಇವರು ಭಾವನ ಸಾವಿನ ದಿನದ ಹಾಗೆ ಬಾಗಿಲ ಹತ್ತಿರ ನಿಂತುಬಿಟ್ಟರೆ? ಕಾರು ಬೇಡವೇ ಬೇಡ, ಬಸ್ಸೇ ಸರಿ ಅಂತ ನಾನೇ ತೀರ್ಮಾನ ಕೊಟ್ಟೆ. ಬಸ್ಸೆಂದರೆ ಬನಶಂಕರಿವರೆಗೆ ಒಂದು, ಕನಕಪುರಕ್ಕೆ ಒಂದು, ಅಲ್ಲಿಂದ ಒಳಗೆ ಇನ್ನೊಂದು, ಇಳಿದ ಮೇಲೆ ಅರ್ಧ ಗಂಟೆ ನಡಿಗೆ. ಸೊಸೆ ಶೋಭಾಗೆ ಬಸ್ಸು ಅಂದರೆ ವಾಂತಿ. ಅವಳು ಒಂದು ಡಜನ್ ನಿಂಬೆಹಣ್ಣು ತಂದಿಟ್ಟುಕೊಂಡಳು. ಒಂದು ಮೂಸುವುದಕ್ಕೆ, ಉಳಿದದ್ದು ಯಾಕೋ ನನಗೆ ಗೊತ್ತಿಲ್ಲ. ಮಂಜುನಾಥ ಮ್ಯಾಪು ನೋಡಿ, ಇಷ್ಟು ಗಂಟೆಗೆ ಹೊರಟರೆ ಇಷ್ಟು ಗಂಟೆಗೆ ಸೇರುತ್ತೇವೆ ಅಂತ ಒಂದು ಹಾಳೆಯಲ್ಲಿ ಬರೆದ. ಅದರಲ್ಲಿ ಕಾಫಿಗೆ ಹತ್ತು ನಿಮಿಷ, ನನ್ನ ಮಂಡಿನೋವಿಗೆ ಹದಿನೈದು ನಿಮಿಷ ಅಂತ ಬೇರೆ ಬೇರೆ ಹಾಕಿದ್ದ. ಚಿನ್ನಿ ಆ ಹಾಳೆಯನ್ನು ತಾತನಿಗೆ ತೋರಿಸಿಕೊಂಡು ಬಂದಳು. ತಾತ ಓದಿ, ಕನಕಪುರದಲ್ಲಿ ಬಸ್ಸು ಇಳಿಯುವ ಜಾಗ ತಪ್ಪು ಬರೆದಿದ್ದಾನೆ ಅಂದರಂತೆ. ಅಷ್ಟೇ. ಬರುತ್ತೇನೆ ಅಂತಲೂ ಇಲ್ಲ, ಬರುವುದಿಲ್ಲ ಅಂತಲೂ ಇಲ್ಲ. ಆ ಒಂದು ತಪ್ಪು ಹುಡುಕಿದ್ದನ್ನೇ ನಾನು ಅರ್ಧ ಒಪ್ಪಿಗೆ ಅಂದುಕೊಂಡೆ. ಇನ್ನರ್ಧವನ್ನು ನಾನೇ ಮಾಡಿಕೊಳ್ಳೋಣ ಅಂತ ಹೊರಟೆ, ಅಲ್ಲಿ ಕೆಟ್ಟಿತು.

ಗುರುವಾರ ದಕ್ಷಿಣ ದಿಕ್ಕಿಗೆ ಪ್ರಯಾಣ ಹೊರಡಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು. ಕನಕಪುರ ನಮಗೆ ನೆಟ್ಟಗೆ ದಕ್ಷಿಣ. ಮಂಜುನಾಥನ ರಜ ಶುರುವಾಗುವುದೇ ಗುರುವಾರ. ಇದಕ್ಕೂ ನಮ್ಮತ್ತೆಯ ಹತ್ತಿರ ಉಪಾಯ ಇತ್ತು. ಅದಕ್ಕೆ ಅವರು ಪರಸ್ತಾನ ಇಡುವುದು ಅನ್ನುತ್ತಿದ್ದರು. ಒಳ್ಳೆಯ ದಿನ, ಒಳ್ಳೆಯ ಹೊತ್ತು ನೋಡಿ, ಹೊರಡುವವರ ಬಟ್ಟೆಬರೆ ಒಂದು ಚೀಲಕ್ಕೆ ಹಾಕಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಚೀಲ ಹೊರಟಿತು ಅಂದರೆ ಮನುಷ್ಯರೂ ಹೊರಟ ಹಾಗೇ ಲೆಕ್ಕ. ಆಮೇಲೆ ಯಾವ ದಿನ ಬೇಕಾದರೂ ಆ ಚೀಲ ಎತ್ತಿಕೊಂಡು ಹೋದರೆ ದೋಷವಿಲ್ಲ. ಇವರು ಇದನ್ನು ಕೇಳಿದಾಗಲೆಲ್ಲ, ದೇವರಿಗೆ ಚೀಲಕ್ಕೂ ಮನುಷ್ಯನಿಗೂ ವ್ಯತ್ಯಾಸ ಗೊತ್ತಾಗಲ್ವಾ ಅಂತ ನಗುತ್ತಿದ್ದರು. ನನಗೆ ಮಾತ್ರ ಇದರಲ್ಲಿ ಇನ್ನೊಂದು ಅನುಕೂಲ ಕಂಡಿತು. ಪರಸ್ತಾನ ಇಟ್ಟ ಮೇಲೆ ಪ್ರಯಾಣ ರದ್ದು ಮಾಡಬಾರದು. ಇವರ ಚೀಲವನ್ನು ಇವರಿಗೆ ಹೇಳದೆ ಇಟ್ಟುಬಿಟ್ಟರೆ, ಗುರುವಾರ ಬೆಳಿಗ್ಗೆ, 'ನೀವು ನಿನ್ನೆಯೇ ಹೊರಟಾಯ್ತು, ಇನ್ನು ಕೂರೋ ಹಾಗಿಲ್ಲ' ಅನ್ನಬಹುದಲ್ಲ?

ಬುಧವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಚೀಲ ತುಂಬಿದೆ. ಎರಡು ಅಂಗಿ, ಎರಡು ಪಂಚೆ, ಮಾತ್ರೆ ಡಬ್ಬ. ತಳದಲ್ಲಿ ಒಂದು ಸೀರೆ. ಅದು ಅಪಘಾತದ ದಿನ ಇವರು ತಂಗಿಗೆ ತಂದ ಸೀರೆ. ಪೊಲೀಸ್ ಸ್ಟೇಷನ್ನಿನಿಂದ ಕಾರು ಬಿಡಿಸಿಕೊಂಡು ಬಂದ ದಿನ ಅದರೊಳಗಿದ್ದ ಕವರನ್ನು ಮಂಜುನಾಥ ನನ್ನ ಕೈಗೆ ಕೊಟ್ಟಿದ್ದ. ಪಾಚಿ ಹಸಿರು ಸೀರೆ, ರವಿಕೆ ಕಣ, ಎರಡು ಡಜನ್ ಹಸಿರು ಗಾಜಿನ ಬಳೆ. ಗಾಡಿಯವನ ಕಾಲು ಮುರಿದಿತ್ತು, ಕಾರಿನ ಮುಂದಿನ ದೀಪ ಒಡೆದಿತ್ತು, ಬಳೆ ಒಂದೂ ಒಡೆದಿರಲಿಲ್ಲ. ಇವರ ಕಣ್ಣಿಗೆ ಬಿದ್ದರೆ ಇನ್ನೂ ಕುಗ್ಗಿಹೋಗುತ್ತಾರೆ ಅಂತ ಬೀರುವಿನಲ್ಲಿ ನನ್ನ ಸೀರೆಗಳ ಅಡಿಯಲ್ಲಿ ಸೇರಿಸಿಬಿಟ್ಟಿದ್ದೆ. ಈಗ ಸೀರೆ, ಕಣ ಚೀಲಕ್ಕೆ ಹಾಕಿದೆ. ಬಳೆಯನ್ನು ತೆಗೆದು ಮತ್ತೆ ಬೀರುವಿಗೇ ಇಟ್ಟೆ. ಗಂಡ ಹೋದವಳಿಗೆ ಬಳೆ ಹೇಗೆ ಕೊಡುವುದು? ಗುರುವಾರ ದಕ್ಷಿಣಕ್ಕೆ ಹೋಗಬಾರದು ಅನ್ನುವವಳು ಅದನ್ನು ಹೇಗೆ ಮೀರಲಿ?

ಚೀಲವನ್ನು ಎಲ್ಲಿಡುವುದು ಅನ್ನುವುದೂ ಯೋಚನೆಗೆ ಬಂತು. ಪಕ್ಕದ ಮನೆಯಲ್ಲಿ ನಾಯಿ ಇದೆ, ಅದಕ್ಕೆ ಚೀಲ ಕಂಡರೆ ಆಗುವುದಿಲ್ಲ. ಮಹಡಿಯ ಮೇಲೆ ಬಾಡಿಗೆಗಿರುವ ವೀರಪ್ಪ ಗದಗಿನ ಕಡೆಯವರು, ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು. ನಮ್ಮದೇ ಕಟ್ಟಡವಾದರೂ ಮೆಟ್ಟಿಲು ಬೇರೆ, ಬಾಗಿಲು ಬೇರೆ, ಕರೆಂಟ್ ಮೀಟರು ಬೇರೆ. ಮೀಟರು ಬೇರೆ ಇದ್ದರೆ ಮನೆಯೂ ಬೇರೆಯೇ ಅಂತ ನಾನೇ ಶಾಸ್ತ್ರ ಮಾಡಿಕೊಂಡು ಅಲ್ಲಿಟ್ಟೆ. ನಾಳೆ ಬೆಳಿಗ್ಗೆ ಆರಕ್ಕೆ ತಗೋತೀನಮ್ಮ ಅಂದೆ. ಅವರಿಗೆ ಈ ಸಲ ಊರಿಗೆ ಹೋಗುವುದಕ್ಕೆ ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ, ಹಬ್ಬ ಇಲ್ಲೇ ಅಂದಿದ್ದರು.

ಸಾಯಂಕಾಲ ನಾನು, ಚಿನ್ನಿ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಹೂವು, ಬಾಳೆಎಲೆ ತರಲು ಹೋಗಿ ಬಂದರೆ ಮಹಡಿ ಬಾಗಿಲಿಗೆ ಕೈಯಗಲದ ಬೀಗ. ಇವರು ಕುರ್ಚಿಯಲ್ಲಿ ಕೂತೇ ಹೇಳಿದರು, ಯಾರೋ ಸೀಟು ಬಿಟ್ಟರಂತೆ, ವೀರಪ್ಪನಿಗೆ ಟಿಕೆಟ್ ಸಿಕ್ಕಿತಂತೆ, ಮಡಿವಾಳದಿಂದ ಬಸ್ಸಂತೆ, ಆತುರಾತುರವಾಗಿ ಹೋದರು ಅಂತ. ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಬೀಗ ಅವರದೇ, ನಮ್ಮ ಹತ್ತಿರ ಇನ್ನೊಂದು ಕೀಲಿ ಇಲ್ಲ. ವೀರಪ್ಪನ ಹೆಂಡತಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮಂಜುನಾಥ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಅಲ್ಲಿ ಸಿಕ್ಕಿಕೊಂಡವರು ಮನೆಗೆ ಬಂದಾಗ ಬಂದರು ಅಂತ ಲೆಕ್ಕ. ಶೋಭಾ ಇನ್ನೂ ಆಫೀಸಿನಲ್ಲಿ. ಚಿನ್ನಿ ಮಾತ್ರ, ಚೀಲ ಒಳಗೇ ಉಳಿದರೆ ನಾವು ಊರಿಗೆ ಹೋಗುವ ಹಾಗಿಲ್ಲವಾ ಅಂತ ಕೇಳಿ ಅಳುವುದಕ್ಕೆ ಶುರು ಮಾಡಿದಳು.

'ಯಾವ ಚೀಲ?' ಅಂದರು ಇವರು.

ಹೇಳಲೇಬೇಕಾಯಿತು. ನಿಮ್ಮ ಬಟ್ಟೆ, ನಿಮ್ಮ ಮಾತ್ರೆ, ಪರಸ್ತಾನ ಇಟ್ಟೆ ಅಂದೆ. ಬೈಯುತ್ತಾರೆ ಅಂತ ಕಾದೆ. ಅವರು ಮುಖ ಆ ಕಡೆ ತಿರುಗಿಸಿ, ಮಾತ್ರೆ ಅಂಗಡಿಯಲ್ಲಿ ಸಿಗುತ್ತೆ ಬಿಡು ಅಂದರು. ಬಟ್ಟೆಗೆ ಏನೂ ಅನ್ನಲಿಲ್ಲ. ಬಟ್ಟೆ ಬೇಕಾಗಿಲ್ಲ ಅಂತ ಅದರರ್ಥ. ನನಗೆ ಆಗ ಎಲ್ಲಿತ್ತೋ ಕೋಪ, ಎಲ್ಲಿತ್ತೋ ಅಳು, ಎರಡೂ ಒಟ್ಟಿಗೆ ಬಂದವು.

'ನಿಮ್ ತಂಗಿ ಸೀರೆ ಅದರಲ್ಲಿದೆ' ಅಂದೆ.

'ಯಾವ ಸೀರೆ?'

'ಅವತ್ತು ತಂದಿದ್ರಲ್ಲ, ಅದೇ.'

ಅವರು ನನ್ನ ಮುಖವನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರು ಅಂದರೆ ಚಿನ್ನಿ ಅಳು ನಿಲ್ಲಿಸಿದಳು. ಆಮೇಲೆ ಎದ್ದು ಒಳಗೆ ಹೋದರು. ಮುಗಿಯಿತು, ಹೋಗಿ ಮಲಗುತ್ತಾರೆ ಅಂದುಕೊಂಡೆ. ಅಂಗಿ ಹಾಕಿಕೊಂಡು ಬಂದರು. ಗುಂಡಿ ಒಂದು ಮೇಲೆ ಒಂದು ಕೆಳಗೆ. ಚಪ್ಪಲಿ ಹುಡುಕಿದರು. ಎರಡು ವರ್ಷದಿಂದ ಹಾಕದ ಚಪ್ಪಲಿ, ಪರಕೆಯ ಹಿಂದೆ ಇತ್ತು. ಹಾಕಿಕೊಂಡು, ಗೇಟು ತೆಗೆದು, ಬೀದಿಗೆ ಇಳಿದು, ಬರುತ್ತಿದ್ದ ಆಟೋಗೆ ಕೈ ಅಡ್ಡ ಹಾಕಿದರು. ನಾನು ಬಾಳೆಎಲೆ ಹಿಡಿದುಕೊಂಡೇ ಓಡಿದೆ, ಚಿನ್ನಿ ನನ್ನ ಹಿಂದೆ. ಗೇಟು ಹಾಕಿದೆವೋ ಇಲ್ಲವೋ ನೆನಪಿಲ್ಲ.

ಮಡಿವಾಳಕ್ಕೆ ಹೋಗಬೇಕಾದರೆ ತಿಲಕ್ ನಗರದ ಆ ತಿರುವನ್ನು ದಾಟಲೇಬೇಕು. ಬೇರೆ ದಾರಿಯಲ್ಲಿ ಹೋಗಪ್ಪ ಅಂತ ಆಟೋದವನಿಗೆ ಹೇಳೋಣ ಅಂತ ಬಾಯಿ ತೆಗೆದೆ. ಇವರು ನನ್ನ ಮೊಣಕೈ ಒತ್ತಿದರು, ಬೇಡ ಅಂತ. ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ತಿರುವು ಬಂದಾಗ ಬಲಗಾಲು ಆಟೋದ ತಳವನ್ನು ಬಲವಾಗಿ ಒತ್ತುತ್ತಿತ್ತು, ಬ್ರೇಕು ಅಲ್ಲೇ ಇದೆಯೇನೋ ಅನ್ನುವ ಹಾಗೆ. ಆಟೋದವನು ಕನ್ನಡಿಯಲ್ಲಿ ನೋಡಿ, 'ಹೆದರ್ಕೋಬೇಡಿ ಅಂಕಲ್, ನಿಧಾನಕ್ಕೇ ಹೋಗ್ತೀನಿ' ಅಂದ. ಹೆದರಿಕೆ ಯಾರಿಂದ, ಯಾರಿಗೆ ಅಂತ ಆ ಆಟೋ ಹುಡುಗನಿಗೆ ಏನು ಗೊತ್ತು. ತಿರುವು ದಾಟಿತು. ಅಲ್ಲಿ ಆವತ್ತು ಯಾವ ಗಾಡಿಯೂ ಇರಲಿಲ್ಲ, ಮೋರಿಯ ಹತ್ತಿರ ಗಣೇಶನ ಪೆಂಡಾಲು ಕಟ್ಟುತ್ತಿದ್ದರು. ಇವರ ಕಾಲು ಮಾತ್ರ ಮಡಿವಾಳದವರೆಗೂ ಸಡಿಲವಾಗಲಿಲ್ಲ.

ಮಡಿವಾಳದಲ್ಲಿ ಹಬ್ಬದ ಹಿಂದಿನ ದಿನ ಅಂದರೆ ಊರೇ ಊರು ಬಿಟ್ಟು ಹೋಗುತ್ತಿರುವ ಹಾಗೆ. ಅಷ್ಟು ಬಸ್ಸು, ಅಷ್ಟು ಜನ. ನನಗೆ ಬಸ್ಸಿನ ಹೆಸರು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಇವರು ನಮ್ಮಿಬ್ಬರನ್ನು ಒಂದು ಬೇಕರಿ ಮುಂದೆ ನಿಲ್ಲಿಸಿ, ಒಂದೊಂದು ಬಸ್ಸಿನ ಬಾಗಿಲಲ್ಲಿ ನಿಂತು 'ವೀರಪ್ಪಾ' ಅಂತ ಕೂಗುತ್ತಾ ಹೋದರು. ಎರಡು ವರ್ಷ ಆಚೀಚೆ ಯಾರಿಗೂ ಕೇಳದ ಹಾಗೆ ಮಾತಾಡಿದವರ ಗಂಟಲು. ಐದನೇ ಬಸ್ಸೋ ಆರನೇ ಬಸ್ಸೋ, ವೀರಪ್ಪ ಇಳಿದು ಬಂದರು. 'ಅಯ್ಯ ಯಜಮಾನ್ರ, ನೀವ್ಯಾಕ ಬರಾಕ ಹೋದ್ರಿ' ಅಂದವರು ಇವರನ್ನು ಮೇಲಿಂದ ಕೆಳಗೆ ನೋಡಿದರು. ಯಜಮಾನರು ಎಷ್ಟು ದಿನದಿಂದ ಹೊರಗೆ ಬಂದಿರಲಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತಲ್ಲ. ಚೀಲದ ವಿಷಯ ಕೇಳಿ ಕೀಲಿ ಕೊಟ್ಟು, ತಪ್ಪಾಯಿತು ಅಂತ ಕೈಮುಗಿದರು. ಅವರ ಹೆಂಡತಿ ಕಿಟಕಿಯಿಂದಲೇ ಕೆನ್ನೆ ಕೆನ್ನೆ ಬಡಿದುಕೊಂಡರು. ತಪ್ಪು ಅವರದ್ದಲ್ಲ, ಹೇಳದೆ ಕೇಳದೆ ಗಂಡನನ್ನು ಚೀಲದಲ್ಲಿ ಕಳಿಸಿದವಳದ್ದು.

ವಾಪಸ್ಸು ಬರುವಾಗ ಆಟೋದಲ್ಲಿ ಇವರು ಎರಡೇ ವಿಷಯ ಕೇಳಿದರು. ಮೊದಲನೆಯದು ಬಳೆ ಎಲ್ಲಿ ಅಂತ. ತೆಗೆದಿಟ್ಟೆ ಅಂದೆ. ಯಾಕೆ ಅಂದರು. ಯಾಕೆ ಅಂತ ನಿಮಗೆ ಗೊತ್ತಿಲ್ಲವಾ ಅಂದೆ. 'ಬಳೇನೂ ಇಡು' ಅಂದರು. ಆಮೇಲೆ ಮನೆ ಹತ್ತಿರ ಬಂದಾಗ, 'ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು?' ಅಂದರು. ನಾನು ಬಾಳೆಎಲೆಯಲ್ಲಿ ಮುಖ ಮುಚ್ಚಿಕೊಂಡೆ. ಚಿನ್ನಿಯೇ ಅಪ್ಪನ ಹಾಳೆಯಲ್ಲಿ ಇದ್ದದ್ದನ್ನು ನಿಮಿಷ ಸಮೇತ ಒಪ್ಪಿಸಿದಳು.

ಹಾಗೆ ಹತ್ತಿದ ಬಸ್ಸು ಅದು. ಕಂಡಕ್ಟರು ನಮ್ಮ ಮೂವರು ಹೆಂಗಸರಿಗೂ ಪುಕ್ಕಟೆ ಟಿಕೆಟ್ ಹರಿದುಕೊಟ್ಟು, ಗಂಡಸರಿಬ್ಬರ ಕಡೆ ಕೈಚಾಚಿದ. 'ಗಂಡಸಾಗಿ ಹುಟ್ಟಿದ್ದಕ್ಕೆ ದಂಡನಾ ಇದು?' ಅಂದರು ಇವರು. ಕಂಡಕ್ಟರಿಗೆ ದಿನಕ್ಕೆ ನೂರು ಸಲ ಕೇಳಿದ ಮಾತು, ಅವನು ನಗಲಿಲ್ಲ. ನಾವು ನಾಲ್ಕು ಜನ ಮಾತ್ರ ಅದಕ್ಕೆ ಕನಕಪುರದವರೆಗೂ ನಕ್ಕೆವು. ಶೋಭಾ ನಿಂಬೆಹಣ್ಣನ್ನೇ ಮರೆತಳು. ಡ್ರೈವರಿನ ಹಿಂದಿನ ಸೀಟು ಹಿಡಿದಿದ್ದ ಇವರು ಪ್ರತಿ ಅಡ್ಡರಸ್ತೆಗೂ ಬಲಗಾಲು ಒತ್ತುತ್ತಾ, ಪ್ರತಿ ಊರಿಗೂ ಆ ಊರಿನ ಹೆಸರು ಹೇಳುತ್ತಾ ಬಂದರು. ಸೀಟಿನ ಮೇಲೆ ಕೂತೇ ಬಾಳೆಹಣ್ಣು ತಿಂದೆ. ನೋಡಿದರು, ಏನೂ ಅನ್ನಲಿಲ್ಲ.

ಪುಟ್ಟತಾಯಿಯ ಊರಿನಲ್ಲಿ ಇಳಿದು ನಡೆಯುವಾಗ ಮಾತ್ರ ನಗು ಕಡಿಮೆಯಾಯಿತು. ಮನೆ ಕಾಣುವಷ್ಟು ದೂರದಲ್ಲಿ ಇವರು ನಿಂತರು. ಚಪ್ಪಲಿಗೆ ಕಲ್ಲು ಸೇರಿದೆ ಅಂತ ನೆಪ. ಅವಳ ಮಗ, ಸೊಸೆ ರೇಷ್ಮೆ ಹುಳು ಸಾಕುತ್ತಾರೆ, ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿದ್ದಿತ್ತು. ಆ ಹೊರೆಯ ಪಕ್ಕದಿಂದ ಪುಟ್ಟತಾಯಿ ಎದ್ದಳು. ಕುಂಕುಮವಿಲ್ಲದ ಹಣೆ ಬಣ ಬಣ ಅನ್ನುತ್ತಿತ್ತು. ಇವರು ಆ ಹಣೆಯನ್ನು ನೋಡುತ್ತಿರುವುದು ಇದೇ ಮೊದಲು. ಅವಳಿಗೂ ಅದು ಗೊತ್ತಾಗಿ, ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. 'ಬಂದ್ಯಾ ಅಣ್ಣಯ್ಯ. ಬಸ್ಸು ರಶ್ಶಾಗಿತ್ತಾ?' ಅಂದಳು. ಎರಡು ವರ್ಷ ಕಳೆದು ಬಂದ ಅಣ್ಣನಿಗೆ ಕೇಳುವುದಕ್ಕೆ ಎಷ್ಟೋ ಮಾತಿತ್ತು. ಅವಳು ಅದನ್ನು ಆರಿಸಿಕೊಂಡಳು.

ಇವರು ಒಳಗೆ ಬಂದು ಕೂತು, ಚೀಲ ಬಿಚ್ಚಿ, ಸೀರೆ, ಕಣ, ಬಳೆ ತೆಗೆದು ಅವಳ ಮುಂದೆ ಇಟ್ಟರು. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. 'ನಂಗ್ಯಾಕೆ ಅಣ್ಣಯ್ಯ ಇವೆಲ್ಲ ಈಗ' ಅಂದಳು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುದುಕಿ ನನ್ನನ್ನು ನೋಡಿದಳು, ಇವರಿಗೆ ತಿಳಿಯಲ್ಲ, ನಿಂಗಾದ್ರೂ ತಿಳಿಯಬಾರದಾ ಅನ್ನುವ ಹಾಗೆ. ನಾನು ನೆಲ ನೋಡಿದೆ.

'ಇದು ಈ ವರ್ಷದ್ದಲ್ಲ ಪುಟ್ಟಿ' ಅಂದರು ಇವರು. 'ಇದು ಆವತ್ತಿಂದು. ಭಾವ ಇದ್ದಾಗ ಹೊರಟಿದ್ದು. ದಾರೀಲಿ ತಡ ಆಯ್ತು.'

ಹುಳುಗಳು ಸೊಪ್ಪು ತಿನ್ನುವ ಸದ್ದು ಮಾತ್ರ ಒಳಗಿನ ಕೋಣೆಯಿಂದ ಕೇಳುತ್ತಿತ್ತು. ಪುಟ್ಟತಾಯಿ ಕೂತುಕೊಂಡು, ಬಳೆಯ ಮೇಲಿನ ಕಾಗದ ಬಿಚ್ಚಿ, ಒಂದನ್ನು ಕೈಗೆ ತೂರಿಸಿ ನೋಡಿದಳು. ಸರಿಯಾಗಿತ್ತು. 'ಅಳತೆ ಮರ್ತಿಲ್ಲ ನೀನು' ಅಂದಳು. ಆಮೇಲೆ ಅಣ್ಣನ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಗಂಡ ಹೋದ ದಿನ ಅವಳು ಹೀಗೆ ಅಳುವುದಕ್ಕೆ ಜಾಗ ಹುಡುಕಿದ್ದನ್ನು ನಾನು ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ. ಮುದುಕಿ ಬಾಗಿಲಿನಿಂದ ಹೊರಟುಹೋದಳು. ಊರಿನಲ್ಲಿ ಏನು ಹೇಳಿಕೊಂಡು ತಿರುಗುತ್ತಾಳೋ ತಿರುಗಲಿ.

ಆ ಸಾಯಂಕಾಲ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂತೆವು. ನಾನು ತಂದ ಬಾಳೆಎಲೆ, ಮುಖ ಮುಚ್ಚಿಕೊಂಡದ್ದು ಒಂದು ಬಿಟ್ಟು. ಮಧ್ಯಾಹ್ನದ ಒಬ್ಬಟ್ಟು ಉಳಿದಿತ್ತು, ಜೊತೆಗೆ ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಪುಟ್ಟತಾಯಿ ತಾನೇ ಬಡಿಸುತ್ತೇನೆ ಅಂತ ಸೊಸೆಯನ್ನೂ ಕೂರಿಸಿದ್ದಳು. ಅವಳು ಬಗ್ಗಿದಾಗಲೆಲ್ಲ ಬಳೆ ಸದ್ದಾಗುತ್ತಿತ್ತು, ಸದ್ದಾದಾಗಲೆಲ್ಲ ಅವಳೇ ಬೆಚ್ಚುತ್ತಿದ್ದಳು. ಮಂಜುನಾಥ ಮಾತಿನ ಮಧ್ಯೆ, ಅಮ್ಮನ ಬುದ್ಧಿಯಿಂದ ಅಪ್ಪ ಹೊರಗೆ ಬಂದರು ಅಂತ ಎಲ್ಲರಿಗೂ ಕತೆ ಹೇಳಿದ. ನಾನೂ ಬೇಡ ಅನ್ನದೆ ಹೊಗಳಿಸಿಕೊಂಡೆ. ಆಗ ಇವರು ಮುದ್ದೆ ಮುರಿಯುತ್ತಾ ಮೆಲ್ಲಗೆ, 'ಆ ಸೀರೆ ಎಲ್ಲಿತ್ತೇ ಇಷ್ಟು ದಿನ?' ಅಂದರು.

ಬೀರುವಿನಲ್ಲಿ, ನನ್ನ ಸೀರೆ ಕೆಳಗೆ ಅಂದೆ. ನೀವು ಕೇಳಲಿಲ್ಲವಲ್ಲ ಅಂತಲೂ ಸೇರಿಸಿದೆ.

'ಅದೂ ಅವತ್ತೇ ಹೋಯ್ತು ಅಂದ್ಕೊಂಡಿದ್ದೆ. ಇದೆ ಅಂತ ಗೊತ್ತಿದ್ರೆ ಕೇಳ್ತಿದ್ದೆ' ಅಂದರು. ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಎರಡು ವರ್ಷ ಇವರನ್ನು ಕುರ್ಚಿಯಿಂದ ಎಬ್ಬಿಸುವುದಕ್ಕೆ ನಾನು ಮಾಡದ ಉಪಾಯವಿಲ್ಲ. ಹರಕೆ ಹೊತ್ತೆ, ಡಾಕ್ಟರನ್ನು ಕರೆಸಿದೆ, ಮೊಮ್ಮಗಳನ್ನು ಬಿಟ್ಟೆ, ಕೊನೆಗೆ ದೇವರಿಗೇ ಚೀಲ ತೋರಿಸಿ ಮೋಸ ಮಾಡಲು ಹೋದೆ. ಇವರು ಎದ್ದು ಹೋಗುವುದಕ್ಕೆ ಏನು ಬೇಕಿತ್ತೋ ಅದನ್ನು, ಇವರಿಗೆ ನೋವಾಗಬಾರದು ಅಂತ, ನಾನೇ ಬೀರುವಿಗೆ ಹಾಕಿ ಬೀಗ ಜಡಿದಿದ್ದೆ. ಆ ಮೊದಲ ವರ್ಷವೇ ಬಾಯಿ ಬಿಟ್ಟಿದ್ದರೆ, ಭಾವ ಅನ್ನಿಸಿಕೊಂಡವನು ಈ ಸಾಲಿನಲ್ಲಿ ಕೂತು ಉಣ್ಣುತ್ತಿದ್ದಾಗಲೇ ಇವರು ಬಂದಿರುತ್ತಿದ್ದರೋ ಏನೋ. ಇದನ್ನು ನಾನು ಅಲ್ಲಿ ಯಾರ ಮುಂದೆಯೂ ಹೇಳಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ. ಪುಟ್ಟತಾಯಿ ನನ್ನ ಮುಖ ನೋಡಿದಳು. ಅವಳಿಗೆ ಏನು ತಿಳಿಯಿತೋ ಏನೋ, ಕೇಳದೆಯೇ ಇನ್ನೊಂದು ಮುದ್ದೆ ತಂದು ನನ್ನ ಎಲೆಗೆ ಹಾಕಿ, ಮೇಲೆ ಸಾರು ಬಿಟ್ಟಳು. 'ಉಣ್ಣು ಅತ್ತಿಗೆ' ಅಂದಳು. ನನಗೆ ಯಾವಾಗಲೂ ಅರ್ಧ ಮುದ್ದೆಯೇ ಜಾಸ್ತಿ. ಅವತ್ತು ಎಲ್ಲರೂ ಕೈ ತೊಳೆಯದೆ ನನಗಾಗಿ ಕಾದು ಕೂತಿದ್ದರು, ನಾನು ತಲೆ ಎತ್ತದೆ ಪೂರ್ತಿ ಉಂಡೆ.